ಕರಡು ತಿದ್ದುವವಳ ಚೈನು

ಮೂವತ್ತೆಂಟು ಪರ್ಸೆಂಟ್ ಕಡಿಮೆ ಅಂದಿತ್ತು ಫೋನು.
ನಾಲ್ಕೂವರೆ ನಕ್ಷತ್ರ, ಮೆಚ್ಚಿದವರು ಸಾವಿರದ ಮೇಲೆ.
ರಾತ್ರಿ ಹನ್ನೊಂದಕ್ಕೆ, ಯಾರದೋ ಆತ್ಮಚರಿತ್ರೆಯ ಕರಡಿನಲ್ಲಿ
ಸೊನ್ನೆ ಬಿದ್ದು ಗಡನಾಗಿದ್ದ ಗಂಡನನ್ನು
ಮತ್ತೆ ಗಂಡ ಮಾಡಿದ ಕೈಯೇ
ಬೆರಳೊತ್ತಿ ತರಿಸಿಕೊಂಡಿತು ಆ ಚೈನನ್ನು.

ಮೂರನೇ ದಿನ ಬಂತು. ನೀಲಿ ಡಬ್ಬಿ, ಬೆಳ್ಳಿ ಅಂಟು,
ಉಗುರಿನಿಂದ ಕೆರೆದು ನೋಡಬೇಕಾದ ಗುಪ್ತ ಸಂಖ್ಯೆ.
ಕೆರೆಯಲಿಲ್ಲ ನಾನು.
ಅಷ್ಟು ಚೆಂದದ ಅಂಟನ್ನು ಹಾಳುಮಾಡಲು ಮನಸ್ಸು ಬರಲಿಲ್ಲ.

ಉಮಾ ಟಾಕೀಸ್ ಸಿಗ್ನಲ್ಲಿನ ಹಿಂದೆ,
ಟೀ ಅಂಗಡಿಗೂ ಹಾಸಿಗೆ ಹೊಲಿಯುವವರಿಗೂ ನಡುವೆ
ಎರಡು ಚಕ್ರದಗಲದ ಜಾಗ ದಸ್ತಗೀರನದು.
ಡಬ್ಬಿ ತೆರೆಯಲಿಲ್ಲ ಅವನು, ಕಿವಿಯ ಹತ್ತಿರ ಅಲ್ಲಾಡಿಸಿದ.
"ಜಾಸ್ತಿ ಮಾತಾಡ್ತಿದೆ ಮೇಡಂ ಇದು."

ಆಮೇಲೆ ತೆರೆದ. ಅಡ್ಡ ಹಿಡಿದ:
ಬಾಡಿದ ಅಲಸಂದೆಕಾಯಿಯ ಹಾಗೆ ಎರಡೂ ತುದಿ ಜೋತವು.
ಕಡಲೆಕಾಯಿ ಗಾಡಿಯ ತಕ್ಕಡಿಗೆ ಹಾಕಿಸಿದ:
ಡಬ್ಬಿ ಹೇಳಿದ್ದಕ್ಕಿಂತ ನಲವತ್ತು ಗ್ರಾಂ ಹೆಚ್ಚು.
(ಗಾಡಿಯವಳು ಕೇಳಿದಳು, ಇದನ್ನು ಹುರಿಯಬೇಕಾ ಅಂತ.)
ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ, ಒಂದೇ ಸಲ.
ಕಂಪನಿಯ ಹೆಸರು ಬಟ್ಟೆಗೆ ಬಂತು.
"ಅಸಲಿಯಲ್ಲಿ ಅಕ್ಷರ ಲೋಹದೊಳಗೆ ಇಳಿದಿರತ್ತೆ.
ಇದು ಬಸ್ ಸೀಟಿಗೆ ಕರ್ಚೀಫ್ ಹಾಕ್ದಂಗೆ, ಮೇಲ್ಮೇಲೆ.
ಡಬ್ಬಿ ಮೇಲಿಂದು ನೀವೇ ಓದಿ, ನನಗೆ ಇಂಗ್ಲಿಷ್ ಬರಲ್ಲ."

ಓದಿದೆ. ಮತ್ತೆ, ಒಂದೊಂದೇ ಅಕ್ಷರ ಬೆರಳಿಟ್ಟು ಓದಿದೆ.
ಐದನೆಯದು ಆರನೆಯದರ ಮನೆಯಲ್ಲಿ ಕೂತಿತ್ತು.
ಗೊತ್ತಿರುವ ಪದವನ್ನು ಕಣ್ಣು ಓದುವುದಿಲ್ಲ, ದಾಟುತ್ತದೆ:
ಹೊಸಬರಿಗೆ ಪ್ರೆಸ್ಸಿನಲ್ಲಿ ನಾನೇ ಹೇಳಿಕೊಡುವ ಪಾಠ.
ಇಪ್ಪತ್ತಾರು ವರ್ಷದ ಕೆಲಸ, ಎರಡು ಜೊತೆ ಕನ್ನಡಕ.
ಕಿವಿ ಬಿಸಿಯಾಯಿತು.

ಫೋಟೋ ಕಳಿಸಿದೆ. ಸಂಜೆಯೊಳಗೆ ದುಡ್ಡು ವಾಪಸ್ಸು ಬಂತು,
ಜೊತೆಗೆ ಒಂದು ಸಾಲು: ಮಾಲು ಹಿಂದಿರುಗಿಸಬೇಕಿಲ್ಲ.
ಅಂದರೆ ಅವರಿಗೂ ಗೊತ್ತು.

"ಹಂಗಾದ್ರೆ ನನ್ ಸೈಕಲ್ಲಿಗೆ ಕೊಡಿ ಅಕ್ಕಾ," ಅಂದ
ಟೀ ಲೋಟ ತೊಳೆಯುವ ಹುಡುಗ, ನಂದೀಶ,
ಮಾಗಡಿ ರೋಡಿನಿಂದ ದಿನಾ ತುಳಿದು ಬರುವವನು.
ನಾನು ಕೊಡುತ್ತಿದ್ದೆ, ನಿಜ ಹೇಳಬೇಕೆಂದರೆ.
ದಸ್ತಗೀರ್ ಮೇಲ್ದುಟಿ ಎತ್ತಿ ಹಲ್ಲು ತೋರಿಸಿದ,
ಸಾಲಿನಲ್ಲಿ ಒಂದು ಮಾತ್ರ ಅತಿ ಬೆಳ್ಳಗಿತ್ತು.

"ಕಲಾಸಿಪಾಳ್ಯದ ಹಿಂದೆ ಒಂದು ಶೆಡ್ ಇತ್ತು.
ಬೆಳಗಿನಿಂದ ರಾತ್ರಿವರೆಗೆ ಕಂಪನಿ ಹೆಸರು ಗುದ್ದೋದು, ಕೈಯಲ್ಲಿ.
ಒಂದು ಚೈನಿಗೆ ನಾಲ್ಕಾಣೆ.
ಆಗ ಮೋಸಕ್ಕೂ ಮೈ ಬಗ್ಗಿಸ್ತಿದ್ವಿ.
ನಮ್ಮ ಮಾಲೇ ಒಂದು ನನ್ನ ಗಾಡಿಗೆ ಹಾಕ್ಕೊಂಡೆ, ಪುಕ್ಕಟೆ ಅಂತ.
ಆಶ್ರಮದ ಏರು, ನಿಂತ್ಕೊಂಡು ತುಳೀತಿದ್ದೆ.
ನಾನು ಗುದ್ದಿದ ಹೆಸರು ನನ್ನನ್ನೇ ಗುದ್ದಿತು."
ಹಲ್ಲಿನ ಮೇಲೆ ಉಗುರಿನಿಂದ ಟಕ್ ಟಕ್ ಬಡಿದ.
"ಇದೂ ನಕಲಿನೇ.
ಆದ್ರೆ ಡಾಕ್ಟ್ರು ನಕಲಿ ಅಂತ ಹೇಳೇ ಕೂರಿಸಿದ್ರು."

ಚೈನನ್ನು ಮೂರು ತುಂಡು ಮಾಡಿದ.
ನಂದೀಶನಿಗೆ ಹಳೆಯ ಅಸಲಿ ಒಂದನ್ನು ತೊಳೆದು ಹಾಕಿಕೊಟ್ಟ,
ಸವೆದದ್ದು, ಇನ್ನೊಂದು ಮಳೆಗಾಲ ಬರಬಹುದು ಅಂದ.
ಲೆಕ್ಕ ನನ್ನ ಹೆಸರಿಗೆ ಬರೆದುಕೊಂಡ.

ಒಂದು ತುಂಡು ನನ್ನ ಮೇಜಿನ ಮೇಲಿದೆ,
ಫ್ಯಾನಿಗೆ ಹಾರುವ ಕರಡಿನ ಹಾಳೆಗಳ ಮೇಲೆ.
ಎಷ್ಟು ಒರೆಸಿದರೂ ಜಿಡ್ಡು ಬಿಡುತ್ತದೆ.
ನಿನ್ನೆ ಇನ್ನೂರ ಏಳನೇ ಪುಟದ ಅಂಚಿಗೆ ಹತ್ತಿದ ಕಪ್ಪನ್ನು
ಕಂಪ್ಯೂಟರಿನ ಹುಡುಗಿ ಬೆಳಕಿಗೆ ಹಿಡಿದು ಕೇಳಿದಳು:
"ಇದ್ಯಾವ ಗುರುತು ಮೇಡಂ?
ಸೇರಿಸಬೇಕಾ, ತೆಗೀಬೇಕಾ?"